ನಾಲ್ಕು ಗಂಟೆಯ ಚಾ

ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಚನ್ನಗಿರಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು, ಒಂದೇ ಟೈಲರ್ ಅಂಗಡಿಯಲ್ಲಿ ಹೊಲಿಯುವವರು. ಚಿಕ್ಕವಳು ಸುಚಿತ್ರಾ ತನ್ನ ಹೊಸ ಅಂಗಡಿಯ ಪೂಜೆಗೆ ಕರೆದು ಕಾರ್ಡು ಕೊಟ್ಟಳು. ದೊಡ್ಡವಳು ಕೊಟ್ರಕ್ಕ ಅದನ್ನು ಓದಿ ಚೀಲಕ್ಕೆ ಹಾಕಿಕೊಂಡಳು.

“ನ್ಯಾಮತಿ ಬಸ್ಸು ಬರಾಕೆ ಇನ್ನೂ ಹೊತ್ತೈತೆ. ಬಾರಕ್ಕ, ಹೋಟ್ಲಲ್ಲಿ ಚಾ ಕುಡಿಯೋಣ.”

“ಬ್ಯಾಡ. ಮನೇಲಿ ಮಾಡ್ಕೊಂಡು ಕುಡೀತೀನಿ.”

“ಅಂಗ್ಡೀಲಿ ಬಿಟ್ಟಿ ಚಾ ಕೊಟ್ರೂ ದಿನಾ ನಾಲ್ಕು ಗಂಟೆಗೆ ನೀನೇ ನನ್ನ ಹೋಟ್ಲಿಗೆ ಎಬ್ಬಿಸ್ಕೊಂಡು ಹೋಗ್ತಿದ್ದೆ. ಈಗ ದುಡ್ಡು ದಂಡ ಅನ್ಸುತ್ತಾ?”

“ಚಾಕ್ಕಲ್ಲ ಸುಚಿತ್ರಾ ನಾನು ಹೋಗ್ತಿದ್ದಿದ್ದು. ಮನಸಿನ ಮಾತು ಆಡಾಕೆ ಒಬ್ಬಳು ಅದಾಳೆ ಅಂತ.”

“ನಾನೀಗ ಹಿಡಿದಿರೋ ಮಳಿಗೆ ಮೊದ್ಲು ನೀನು ನೋಡಿಟ್ಟಿದ್ದೆ, ನಿಜ. ಎರಡು ತಿಂಗಳಾದ್ರೂ ಬಾಡಿಗೆಗೆ ಕೇಳಾಕೆ ಹೋಗಲಿಲ್ಲ.”

“ಮಗಳ ಬಾಣಂತನ ಮುಗೀಲಿ ಅಂತ ಕಾಯ್ತಿದ್ದೆ. ಅದನ್ನೂ ನಿನಗೇ ಹೇಳಿದ್ದೆ.”

“ಬೇರೆ ಯಾರೋ ಹಿಡಿಯೋ ಬದ್ಲು…”

“ಹಿಡಿದ ಮೇಲೂ ಹದಿನೈದು ದಿನ ನನ್ನ ಎದುರಿಗೇ ಕೂತು ಚಾ ಕುಡಿದ್ಯಲ್ಲ! ಗೋಡೆಗೆ ಯಾವ ಬಣ್ಣ ಚಂದ ಅಂತ ಕೇಳಿದೆ. ನನ್ನ ಅಂಗ್ಡಿಗೆ ಅಂದ್ಕೊಂಡು ಹೇಳಿದೆ.”

ನ್ಯಾಮತಿ ಬಸ್ಸು ಬಂದು ನಿಂತಿತು.

“ಪೂಜೆಗೆ ಬರ್ತೀಯ ಅಲ್ವೇನಕ್ಕ?”

“ಬರ್ತೀನಿ. ಆ ಮಳಿಗೆ ಒಳಗೆ ಹೆಂಗೈತೆ ಅಂತ ನಾನಿನ್ನೂ ನೋಡೇ ಇಲ್ಲ.”

ಕೊಟ್ರಕ್ಕ ಬಸ್ಸು ಹತ್ತಿ ಆಚೆ ಬದಿಯ ಸೀಟಿನಲ್ಲಿ ಕೂತಳು. ಬಸ್ಸು ಹೊರಟ ಮೇಲೆ ಸುಚಿತ್ರಾ ಹೋಟೆಲ್ ದಾಟಿಕೊಂಡು ನಡೆದು ಹೋದಳು.