ಗುರುವಾರ ಹನ್ನೊಂದಕ್ಕ ಹಿಡಕಲ್ ದಂಡಿ

ಹಲೋ… ಯಾರ್ರಿ ಮಾತಾಡೋದು?

…

ಯಾರು? ಸ್ವಲ್ಪ ಜೋರ್ ಹೇಳ್ರಿ, ಹುಡುಗೂರು ಊಟಕ್ಕ ಕುಂತಾವ, ಗದ್ದಲ ಐತಿ.

…

ಅಯ್ಯ, ನಂದಾ ಏನವಾ? ನಂಬರ್ ಬದಲಿ ಮಾಡಿದ್ರ ಹೆಂಗ ಗೊತ್ತಾಗಬೇಕು. ಹಾಂ, ನಾ ಶೋಭಾನ. ಮಮದಾಪುರ ಸಾಲ್ಯಾಗನ ಅದೇನಿ. ನಿಮ್ಮ ಮೂಡಲಗಿ ಸಾಲಿ ಹೆಂಗ ನಡದೈತಿ?

…

ಏನಂತ ಸುದ್ದಿ? ನಮ್ಮ ಸಾಲಿಗೆ ಕುರಿ ಫೋನ್ ಮಾಡತಾವಂತ? ಕುರಿ ಅಲ್ಲವಾ, ಕುರಿ ಕಾಯಾವ್ರು. ಮಂದಿ ಬಾಯಾಗ ಬಿದ್ದ ಮಾತು ನೆಟ್ಟಗ ಇರತೈತೇನು?

…

ಖರೆ ಏನಾತು ಹೇಳ್ತೇನಿ, ಕೇಳು. ನಮ್ಮ ಅನ್ನಪೂರ್ಣಾ ಟೀಚರ್ ಅದಾಳಲ್ಲ, ಐದನೆತ್ತೆ ಕಲಸ್ತಾಳ. ಹೋದ ವರ್ಷ ಬಂದಾಕಿ. ಹಾಂ, ಅಂಕಲಗಿಯಾಕಿನ. ಸಾಲಿಗೆ ದೊಡ್ಡ ಟಿವಿ ಬಂತು ನೋಡು, ಆಕಿ ಹುಡುಗೂರ್ನ ಕುಂತಲ್ಲೇ ತಿರಗಾಡ್ಸಾಕ ಚಾಲೂ ಮಾಡಿದ್ಳು. ಒಂದಿನ ಕಾರವಾರದ ಸಮುದ್ರ, ಒಂದಿನ ಮೈಸೂರ ಅರಮನಿ. ಗೋಕಾಕ ಫಾಲ್ಸ್ ಬಿಟ್ಟ ಬ್ಯಾರೆ ನೀರ ಕಾಣದ ಹುಡುಗೂರು, ತೆರಿ ಬಂದ ಕೂಡ್ಲೇ ಮುಂದಿನ ಸಾಲಿನಾವ್ರು ಕಾಲ ಮ್ಯಾಲ ತಗೊಂಡ್ರು.

…

ಬರತೇನಿ ತಡಿ, ಕುರಿಗೆ ಬರತೇನಿ. ಆ ವರ್ಗದಾಗ ಉದ್ದವ್ವ ಅಂತ ಒಂದ ಹುಡುಗಿ. ಕುರುಬರ ಮಾಲಿಂಗನ ಮಗಳು. ಬಾಯಿ ಬಿಡಾಕಿ ಅಲ್ಲ, ಹೆಸರ ಕೂಗಿದ್ರ ಎದ್ದ ನಿಂದ್ರಾಕಿ ಅಷ್ಟ. ಆದ್ರ ಸಮುದ್ರ ನೋಡಿ ಟೀಚರ್ ಹತ್ರ ತಾನಾಗಿ ಬಂದು, ಆ ನೀರ ಕುರಿ ಕುಡಿತಾವೇನ್ರಿ ಅಂತ ಕೇಳಿದ್ಳಂತ. ಅನ್ನಪೂರ್ಣಾ ಅವತ್ತ ಮೂರ ಮಂದಿಗೆ ಇದನ್ನ ಹೇಳಿ ಹೇಳಿ ಖುಷಿ ಪಟ್ಟಳು.

…

ಹೂಂ, ಅಲ್ಲೇ ತೊಡಕಾತು. ದಸರಾ ಮುಗಿದ ಮ್ಯಾಲ ಮಾಲಿಂಗ ಕುರಿ ಹೊಡಕೊಂಡು ಹುಕ್ಕೇರಿ ಕಡೆ ಹೊಂಡಾಂವ ಇದ್ದ. ಹೇಣ್ತಿ, ಮಗಳೂ ಕೂಡ. ಹೋದ ವರ್ಷನೂ ಹಿಂಗ ಹೋಗಿ, ಮೂರ ತಿಂಗಳ ಬಿಟ್ಟ ಬಂದಾಗ ಅಕ್ಷರ ಅರ್ಧಾ ಮರತಿದ್ಳು. ಅನ್ನಪೂರ್ಣಾ ಅವರ ಮನಿಗೆ ಹೋದ್ಳು. ಹುಡುಗೀನ ಊರಾಗ ಆಕಿ ಅಜ್ಜಿ ಸೀತವ್ವನ ಹತ್ರ ಬಿಟ್ಟ ಹೋಗ್ರಿ ಅಂತ ಕೈ ಮುಗದ ಕೇಳಿದ್ಳು.

…

ಇಲ್ಲವಾ, ಜಗಳ ಏನ ಆಗಲಿಲ್ಲ. ಅದ ಆಕಿಗೆ ಹೆಚ್ಚ ನೋವಾತು. ಮಾಲಿಂಗ ಚಾ ಕೊಟ್ಟು, ಸಮಾಧಾನಲೇ ಹೇಳಿದ: ಹೇಣ್ತಿ ಬಾಣಂತಿ ಅದಾಳ, ಕುರಿಮರಿ ಯಾರ ನೋಡಬೇಕ್ರಿ ಅಂತ. ಅದೂ ಖರೇನ ಅಲ್ಲೇನ? ಮರುದಿನ ಉದ್ದವ್ವನ ಜಾಗಾ ಖಾಲಿ. ಅನ್ನಪೂರ್ಣಾ ಟಿವಿ ಹಚ್ಚಲೇ ಇಲ್ಲ. ಎರಡ ದಿನ ಕಳದ ಮ್ಯಾಲ ನನ್ನ ಬಾಜೂ ಕುಂತು ಅಂದ್ಳು, "ಅಕ್ಕಾ, ಹುಡುಗೂರ್ನ ಕಾರವಾರಕ್ಕ ಒಯ್ಯಾಕ ಬರತೈತಿ, ಉದ್ದವ್ವನ ಹತ್ರ ಒಯ್ಯಾಕ ಬರೂದಿಲ್ಲೇನು?"

…

ಹಾಂ, ಮಾಲಿಂಗನ ಫೋನಿಗೆ. ಗುರುವಾರ ಹನ್ನೊಂದಕ್ಕ ಅರ್ಧಾ ತಾಸ ವಿಡಿಯೋದಾಗ ಬರ್ರಿ, ಕುರಿ ತೋರಸ್ರಿ ಅಂತ ಒಪ್ಪಿಸಿದ್ಳು. ಮೊದಲ ವಾರ ಏನ ಕಂಡ್ವಿ ಅಂತೀ? ಬರೇ ಮಾಲಿಂಗನ ರುಮಾಲ, ಒಂದ ಕುರಿ ಮೂಗ. ಎರಡನೇ ವಾರ ನೆಟ್‌ವರ್ಕ್ ಇಲ್ಲ. ಮೂರನೇ ವಾರ ಹಿಡಕಲ್ ಡ್ಯಾಮಿನ ಹಿನ್ನೀರ ದಂಡಿಗೆ ಒಂದ ದಿಬ್ಬಾ ಏರಿ ನಿಂತ್ರು ನೋಡು, ಕನ್ನಡಿ ಹಂಗ ಬಂತು.

…

ಉದ್ದವ್ವ ಮಾತಾಡಿದ್ಳು ಅಂದ್ರ ನಂಬತೀ ಏನ? ಈ ಹುಲ್ಲ ಕುರಿ ತಿನ್ನೂದಿಲ್ಲ, ಈ ಹಕ್ಕಿ ಚಳಿಗಾಲಕ್ಕಷ್ಟ ಬರತೈತಿ, ಅಂತ ಒಂದೊಂದ ತೋರಿಸಿದ್ಳು. ಇಲ್ಲಿಂದ ಒಬ್ಬ ಹುಡುಗ ಕೇಳಿದ, ಸರ್, ಯಾವ ಮರಿ ಯಾವ ಕುರಿದು ಹೆಂಗ ಗೊತ್ತಾಗತೈತ್ರಿ ಅಂತ. ಮಾಲಿಂಗಗ ಹುಟ್ಟಿದಾಗಿಂದ ಯಾರೂ ಸರ್ ಅಂದಿಲ್ಲ. ಹಿಂದ ತಿರುಗಿ ನೋಡಿದ, ಯಾರನ್ನ ಕರದ್ರು ಅಂತ. ಆಮ್ಯಾಲ ಒಂದ ಮರಿ ಎತ್ತಿ ಹಿಡದ. ಅದು ಒದರಿತು, ಅಷ್ಟ ಕುರಿಯೊಳಗ ಒಂದ ಕುರಿ ಓಡಿ ಬಂತು.

…

ತಡಿ, ಮುಂದ ಐತಿ. ಕಡೀಕ ಅನ್ನಪೂರ್ಣಾ ಉದ್ದವ್ವಗ ಪುಸ್ತಕ ತಗಸಿ ನಾಕ ಸಾಲ ಓದಸಿದ್ಳು. ಹುಡುಗಿ "ಅಭಯಾರಣ್ಯ" ಅನ್ನೋ ಶಬ್ದಕ್ಕ ನಿಂತ್ಳು. ಇಲ್ಲಿ ಎಲ್ಲಾರೂ ಹೇಳಾಕ ಬಾಯಿ ತಗದ್ರು, ಅನ್ನಪೂರ್ಣಾ ಕೈ ಮಾಡಿ ತಡದ್ಳು. ಆಕಿ ಒಂದೊಂದ ಅಕ್ಷರ ಕೂಡಿಸಿ ಓದಿ ದಾಟಿದ್ಳು. ಮಾಲಿಂಗ ಮಗಳು ಓದಿದ್ದ ಕೇಳಿದ್ದ ಅದ ಮೊದಲಂತ. ಫೋನ್ ಹಿಡದ ಕೈ ಕೆಳಗ ಇಳೀತು, ನಮಗ ಬರೇ ಹುಲ್ಲ ಕಾಣತಿತ್ತು. ಧ್ವನಿ ಅಷ್ಟ ಕೇಳ್ತು: "ಇನ್ನೊಂದ್ಸಲ ಓದವಾ."

…

ಹೂಂ. ಆಕಿ ಮತ್ತ ಮೊದಲಿಂದ ಓದಿದ್ಳು.

…

ಹೇಳ್ತೇನಲ್ಲ. ಸೋಮವಾರ ಪ್ರಾರ್ಥನಾ ಹೊತ್ತಿಗೆ ಮಾಲಿಂಗನ ಬೈಕ್ ಬಂತು. ಹಿಂದ ಉದ್ದವ್ವ, ಹೆಗಲಿಗೆ ಪಾಟಿಚೀಲ. ಮರಿ ನೋಡಾಕ ಹೇಣ್ತಿ ತಂಗೀನ ಕರಸ್ಕೊಂಡನಂತ, ಹುಡುಗಿ ಸೀತವ್ವನ ಹತ್ರ ಇರ್ತಾಳಂತ. ಅನ್ನಪೂರ್ಣಾ ಗೇಟಿಗೆ ಓಡಿದ್ಳು. ಮಾಲಿಂಗ ಅಂದ, "ಟೀಚರ್, ಗುರುವಾರದ್ದ ಮಾತ್ರ ನಿಲ್ಲಸಬ್ಯಾಡ್ರಿ. ಇನ್ನ ಮ್ಯಾಲ ನಾನ ತೋರಸ್ತೇನಿ."

…

ನಡದೈತಿ. ಮೊನ್ನೆ ಗುರುವಾರನೂ ಆತು. ಹುಡುಗೂರು ಹಕ್ಕಿ ಬಗ್ಗೆ, ನೀರಿನ ಬಗ್ಗೆ ಕೇಳಿದ್ರು. ಉದ್ದವ್ವನ ಪಾಳಿ ಬಂತು. ಬೆಂಚಿನಿಂದ ಎದ್ದು, ಎಲ್ಲಾರ ಹಂಗ ತಾನೂ ಕೈ ಕಟಗೊಂಡು ಕೇಳಿದ್ಳವಾ, "ಸರ್, ಅವ್ವ ಊಟಾ ಮಾಡ್ಯಾಳೇನ್ರಿ?"

…

ಮಾಲಿಂಗ? ಆಂವ ನಗಲಿಲ್ಲ. ನೆಟ್ಟಗ ನಿಂತು, ಟೀಚರಿಗೆ ಹೇಳಿದಂಗ, ಹೂಂ ರೀ ಮಾಡ್ಯಾಳ್ರಿ ಅಂತ ಹೇಳಿ…

…

ಹಲೋ? ನಂದಾ? ನಿನ್ನ ಮಾತ ಕಡದ ಕಡದ ಬರಾಕತ್ತೈತಿ. ಏನು, ನಿಮ್ಮ ಸಾಲಿಗೂ ಬೇಕಾ? ಬೇಕಂದ್ರ ನಾ ಮಾಲಿಂಗನ್ನ ಕೇಳ್ತೇನಿ, ಬುಧವಾರ ಆಂವಗ… ಹಲೋ… ನಂದಾ, ಕೇಳಸಾಕತ್ತೈತೇನ್… ಹಲ—