ನನ್ನ ಮಾಳಿಗೆ ಹತ್ತಿದ ಫೋಟೊದವನ ಬಗ್ಗೆ

ತಂಗೆವ್ವ ಕೋಂ ಶಂಕರೆಪ್ಪ ಮುದೇನೂರ, ವಯಸ್ಸು 54, ಉದ್ಯೋಗ ಒಕ್ಕಲುತನ, ಸಾಕಿನ್ ತೊರಗಲ್, ತಾಲೂಕು ರಾಮದುರ್ಗ. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ನಮ್ಮೂರ ಕೋಟೆಯಲ್ಲಿ ಸಿನಿಮಾ ಶೂಟಿಂಗ್ ನಡೆಯುತ್ತಿದೆ. ನಾಯಕಿಯ ಫೋಟೊಗಾಗಿ ಹುಬ್ಬಳ್ಳಿ, ಬೆಳಗಾವಿ ಕಡೆಯ ಫೋಟೊಗ್ರಾಫರುಗಳು ಆಕೆಗೆ ನೀರು ಕುಡಿಯಲೂ ಬಿಡದೆ ಬೆನ್ನು ಹತ್ತಿದ್ದರು. ನಿನ್ನೆ ಮುಂಜಾನೆ ಹನ್ನೊಂದರ ಸುಮಾರಿಗೆ ಆಕೆ ಅವರಿಂದ ತಪ್ಪಿಸಿಕೊಂಡು, ಕೋಟೆ ಬಾಗಿಲ ಪಕ್ಕದ ನಮ್ಮ ಮನೆಗೆ ಓಡಿ ಬಂದು ಕೈಮುಗಿದಳು. ನನ್ನ ಮಗಳು ಅನ್ನಪೂರ್ಣಾ ಒಂಬತ್ತು ದಿನದ ಬಾಣಂತಿ. ಬಾಣಂತಿ ಕೋಣೆಗೆ ಪರ ಗಂಡಸರು ಕಾಲಿಡುವುದಿಲ್ಲವೆಂದು ಆಕೆಯನ್ನು ಅಲ್ಲಿಯೇ ಕೂಡಿಸಿದೆ. ಆಕೆ ಒಳಗಿನಿಂದ ಅಗಳಿ ಹಾಕಿಕೊಂಡಳು. ಮೇಲಿನಿಂದ ಯಾರಾದರೂ ಇಣುಕಿಯಾರೆಂದು ನಾನೇ ಮಾಳಿಗೆ ಹತ್ತಿ ಬೆಳಕಿಂಡಿಗೆ ಫರಸಿ ಕಲ್ಲು ಮುಚ್ಚಿದೆ. ಬಾಣಂತಿಯ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇತ್ತು. ಕಿಂಡಿ ಮುಚ್ಚಿದರೆ ಅದರ ಹೊಗೆ ಹೊರಗೆ ಹೋಗುವುದಿಲ್ಲವೆಂದು ನನ್ನ ತಲೆಗೆ ಹೊಳೆಯಲಿಲ್ಲ.

ಏಳೆಂಟು ಫೋಟೊಗ್ರಾಫರುಗಳು ಬಂದರು. ಬಾಣಂತಿ ಮನೆ, ಹೊಸ್ತಿಲು ದಾಟಿದರೆ ಕಾಲು ಮುರಿಯುತ್ತೇನೆಂದು ಹೇಳಿದೆ. ಅವರು ಕಟ್ಟೆಯ ಮೇಲೆ ಕುಳಿತರು. ಅರ್ಧ ತಾಸಿನ ಮೇಲೆ ಮಾಳಿಗೆಯಲ್ಲಿ ಹೆಜ್ಜೆ ಸಪ್ಪಳವಾಯಿತು. ಯರಗಟ್ಟಿಯಲ್ಲಿ ಫೋಟೊ ಸ್ಟುಡಿಯೋ ಇಟ್ಟಿರುವ ಶ್ರೀಶೈಲ ಎಂಬವನು ಹಿತ್ತಲ ನಿಚ್ಚಣಿಕೆಯಿಂದ ಹತ್ತಿದ್ದ. "ಲೇ ಭಾಡ್ಯಾ, ಇಳೀತಿಯೋ, ಕಲ್ಲ ಒಗೀಲೋ" ಎಂದು ಬೈದೆ. ಅವನು ಫರಸಿ ಸರಿಸಿ, ಕಣ್ಣಿಗೆ ಹಿಡಿದ ಕ್ಯಾಮೆರಾ ಕೆಳಗಿಳಿಸಿ, "ಯವ್ವಾ, ಒಳಗ ಒಬ್ರೂ ಮಿಸುಕಾಡವಲ್ರು, ಬಾಗಲಾ ತಗೀರಿ" ಎಂದು ಚೀರಿದ.

ದೂಡಿದರೆ ಬಾಗಿಲು ಜಗ್ಗಲಿಲ್ಲ. ಮೈ ಸಣ್ಣವನಾದ ಅವನು ಕ್ಯಾಮೆರಾ ಅಲ್ಲೇ ಬಿಟ್ಟು, ಕಿಂಡಿಯೊಳಗೆ ಇಳಿದು ಅಗಳಿ ತೆಗೆದ. ಕಟ್ಟೆಯ ಮೇಲಿದ್ದವರು ಓಡಿ ಬಂದು ಮಗಳನ್ನೂ ನಾಯಕಿಯನ್ನೂ ಅಂಗಳಕ್ಕೆ ಎತ್ತಿ ತಂದರು. ಒಬ್ಬನೂ ಫೋಟೊ ತೆಗೆಯಲಿಲ್ಲ. ಕೂಸು ಶ್ರೀಶೈಲನ ಕೈಯಲ್ಲಿತ್ತು. ಅದು ಅಳುವ ತನಕ ಅವನು ಅಂಗಾಲು ತಿಕ್ಕುತ್ತಲೇ ಇದ್ದ. ಅದು ಅತ್ತ ಮೇಲೆ ನನಗೆ ಹೋದ ಜೀವ ಬಂದಂತಾಯಿತು. ಮೂವರೂ ದವಾಖಾನೆಯಲ್ಲಿ ಆರಾಮ ಇದ್ದಾರೆ.

ಸಿನಿಮಾ ಮ್ಯಾನೇಜರರ ದೂರಿನ ಮೇಲೆ ಶ್ರೀಶೈಲನನ್ನು ಹಿಡಿದು ತಂದು ಕ್ಯಾಮೆರಾ ಇಟ್ಟುಕೊಂಡಿದ್ದೀರಿ. ಮ್ಯಾನೇಜರರು ಆಗ ಕೋಟೆಯಲ್ಲಿದ್ದರು, ಏನನ್ನೂ ನೋಡಿಲ್ಲ. ಅವನು ಕೇಳದೆ ಹತ್ತಿದ್ದು ನಿಜ. ಆದರೆ ಮಾಳಿಗೆ ನನ್ನದು, ಸಿನಿಮಾದವರದಲ್ಲ. ನನ್ನ ತಕರಾರು ಏನೂ ಇಲ್ಲ. ಅವನು ಹತ್ತದಿದ್ದರೆ ಇಂದು ನಾನು ಬೇರೆಯೇ ಹೇಳಿಕೆ ಬರೆಸಬೇಕಿತ್ತು. ಅವನ ಉಪಕಾರವನ್ನು ಸಾಯುವ ತನಕ ಮರೆಯುವುದಿಲ್ಲ.

ಶನಿವಾರ ಕೂಸನ್ನು ತೊಟ್ಟಿಲಿಗೆ ಹಾಕುತ್ತೇವೆ. ಫೋಟೊ ತೆಗೆಯಲು ಶ್ರೀಶೈಲನಿಗೇ ಹೇಳಿದ್ದೇನೆ. ಆದ್ದರಿಂದ ಅವನನ್ನೂ ಕ್ಯಾಮೆರಾವನ್ನೂ ಅಷ್ಟರೊಳಗೆ ಬಿಡಬೇಕು. ಈ ಸಲ ಬಾಗಿಲಿನಿಂದಲೇ ಬಾ ಎಂದು ಅವನಿಗೆ ತಿಳಿಸಿದ್ದೇನೆ.

ಹವಾಲ್ದಾರರು ಇದನ್ನು ಓದಿ ಹೇಳಿದರು. ನಾನು ಆಡಿದ ಮಾತೇ ಇದೆ, ಹೆಚ್ಚುಕಡಿಮೆ ಇಲ್ಲ.

ರಾಮದುರ್ಗ
12-02-2003
ತಂಗೆವ್ವಳ ಎಡಗೈ ಹೆಬ್ಬೆಟ್ಟಿನ ಗುರುತು