ಕೊಳವೆಯೊಳಗಿನ ನೀರು

ಎಪ್ಪತ್ನಾಲ್ಕನೇ ಇಸವಿಯ ಬೇಸಿಗೆ. ಇಂಡಿ ಬಸ್ ನಿಲ್ದಾಣದಲ್ಲಿ ಆಲಮೇಲದ ಬಸ್ಸಿಗೆ ಕಾಯುತ್ತಿದ್ದ ರೇವವ್ವನ ಪಕ್ಕದಲ್ಲೇ ಅವರಿಬ್ಬರು ಕೂತಿದ್ದರು. ಹೆಂಗಸಿನ ಹಣೆ ಬರಿದಾಗಿತ್ತು. ಬ್ಯಾಂಡಿನ ಕೆಂಪು ಕೋಟು ತೊಟ್ಟವನ ತೊಡೆಯ ಮೇಲೆ, ಅವಳ ಗಂಡ ಊದುತ್ತಿದ್ದ ಉದ್ದನೆಯ ಹಿತ್ತಾಳೆ ವಾದ್ಯ ಟ್ರೊಂಬೋನ್ ಇತ್ತು.

“ನಾಳೆ ಮುದ್ದೇಬಿಹಾಳದ ಮದುವಿಗೆ ಯಾರು ಊದತಾರ ಬೀರಣ್ಣಾ?”

“ನಾನೇ, ತಂಗೆವ್ವಾ. ನನ್ನ ವಾದ್ಯ ಸೀಳೇತಿ. ನಾಕೂ ತಾಲೂಕಿನ್ಯಾಗ ಇದೊಂದೇ ಉಳದೈತಿ.”

“ನಮ್ಮ ಮನಿಯವರು ಮಂದಿ ಮದುವಿಗೆಲ್ಲಾ ಊದಿ ಬಂದು, ನನ್ನ ಕೂಡ ಮಾತಾಡಾಕ ಉಸಿರಿಲ್ಲ ಅಂತಿದ್ರು ನೋಡ್ರಿ.”

ಇಬ್ಬರೂ ಸ್ವಲ್ಪ ನಕ್ಕರು. ಬೀರಣ್ಣ ಕೊಳವೆಯ ಬುಡದ ಬಿರಡೆಗೆ ಬೆರಳು ಹಾಕಿದ.

“ಏನ್ ಮಾಡಾಕತ್ತೀರಿ?”

“ಊದಿದ ಉಸಿರು ಒಳಗ ನೀರಾಗಿ ನಿಲ್ತೈತವ್ವಾ. ಅವತ್ತ ನಿನ್ನ ಗಂಡ ಊದತಾ ಊದತಾನೇ ಬಿದ್ದಾಂವ ಏಳಲಿಲ್ಲ. ಆಮ್ಯಾಲ ಈ ನೀರು ಯಾರೂ ಚೆಲ್ಲಿಲ್ಲ.”

“ಅಂದ್ರ ಇದು ಅವರ ಉಸಿರೇನ್ರಿ?”

ಬೀರಣ್ಣ ಬೆರಳು ತೆಗೆದ.

“ಚೆಲ್ಲಬ್ಯಾಡ್ರಿ ಅಣ್ಣಾ.”

“ಚೆಲ್ಲದ ಊದಿದ್ರ ಗೊರಗೊರ ಅಂತೈತಿ, ತಂಗೀ. ನಾಳೆ ಮದುವಿ ಐತಿ.”

ಅವಳು ಬಿರಡೆಯ ಕೆಳಗೆ ಸೆರಗಿನ ತುದಿ ಒಡ್ಡಿದಳು. ಬೀರಣ್ಣ ಬಿರಡೆ ತೆರೆದ; ನಾಲ್ಕು ಹನಿ ಬಿದ್ದವು. ರೇವವ್ವ ಮುಖ ತಿರುಗಿಸಿಕೊಂಡಳು.

ಮುದ್ದೇಬಿಹಾಳದ ಬಸ್ಸು ಬಂತು, ಬೀರಣ್ಣ ಹತ್ತಿದ. ಬಿಸಿಲಿಗೆ ಒಣಗಿಬಿಟ್ಟೀತೆಂದು ಆ ಹೆಂಗಸು ಸೆರಗಿನ ತುದಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಊರಿನ ದಾರಿ ಹಿಡಿದಳು.